ಗೋವಾದ ರಾತ್ರಿ ಸಂಜೆ ಏಳಕ್ಕೇ ಶುರು

ಪ್ರಶ್ನೆ: ನಾಲ್ವರು ಗೆಳೆಯರು ಡಿಸೆಂಬರ್‌ನಲ್ಲಿ ಮೂರು ದಿನಕ್ಕೆ ಗೋವಾಕ್ಕೆ ಬರುತ್ತಿದ್ದೇವೆ. ಹೋದ ಸಲ ಬೀಚು, ಡಿಜೆ, ಫ್ರೈಡ್ ರೈಸ್ ಅಷ್ಟೇ ಆಯಿತು. ಈ ಸಲ ಅಲ್ಲಿನವರು ತಿನ್ನುವುದನ್ನು ತಿನ್ನಬೇಕು, ಅವರು ಕೇಳುವ ಹಾಡು ಕೇಳಬೇಕು. ರಾತ್ರಿ ಎಲ್ಲಿಗೆ ಹೋಗೋಣ?
– ಹುಬ್ಬಳ್ಳಿಯ ಓದುಗರು

ಉತ್ತರ: ಎಲ್ಲಿಗೆ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಅನ್ನುವುದು ಇಲ್ಲಿ ಮುಖ್ಯ. ನಮ್ಮ ಕಡೆಯಿಂದ ಬಂದವರು ಸಂಜೆಯೆಲ್ಲ ರೂಮಿನಲ್ಲಿ ಮಲಗಿ ಹನ್ನೊಂದಕ್ಕೆ ಹೊರಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಊರಿನವರ ಊಟ, ಹಾಡು, ಹರಟೆ ಎಲ್ಲ ಮುಗಿದಿರುತ್ತದೆ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದಿಂದ ಇಡೀ ದೇಶಕ್ಕೇ ಇರುವ ನಿಯಮ. ಹಾಗಾಗಿ ಆಮೇಲೆ ಉಳಿಯುವುದು ಬಾಗಿಲು ಹಾಕಿಕೊಂಡ ಕ್ಲಬ್ಬುಗಳು, ಅಂಥವು ಬೆಂಗಳೂರಲ್ಲೂ ಇವೆ ಅಲ್ವಾ?

ನಾನು ಪಣಜಿಯಲ್ಲಿದ್ದೇನೆ, ನನ್ನ ಮಾತು ಕೇಳಿ, ಏಳಕ್ಕೇ ಹೊರಡಿ. ಮೊದಲು ರೋಸ್ ಆಮ್ಲೆಟ್ (ಕೊಂಕಣಿಯಲ್ಲಿ ರೋಸ್ ಅಂದರೆ ರಸ) ಮಾಡುವ ಗಾಡಿ ಹುಡುಕಿ. ಸಂಜೆಯಾದರೆ ಊರೂರಲ್ಲಿ ಇವು ನಿಲ್ಲುತ್ತವೆ. ಎರಡು ಮೊಟ್ಟೆ ಒಡೆದು, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ, ಹೆಂಚಿಗೆ ಹುಯ್ಯುತ್ತಾರೆ. ಪಕ್ಕದ ದೊಡ್ಡ ಪಾತ್ರೆಯಲ್ಲಿ ಶಾಕುತಿಯ ರಸ ಕುದಿಯುತ್ತಿರುತ್ತದೆ. ಹುರಿದ ಕೊಬ್ಬರಿ, ಗಸಗಸೆ, ಒಣಮೆಣಸು ಅರೆದು ಮಾಡಿದ್ದು. ಆಮ್ಲೆಟ್ ತಟ್ಟೆಗೆ ಬಿದ್ದ ಕೂಡಲೇ ಅದರ ಮೇಲೆ ಒಂದು ಸೌಟು ರಸ, ಹಸಿ ಈರುಳ್ಳಿ, ಕೊತ್ತಂಬರಿ, ಒಂದು ಹೋಳು ನಿಂಬೆ. ಜೊತೆಗೆ ಪಾವ್. ಚಮಚ ಕೇಳಬೇಡಿ. ಪಾವ್ ಮುರಿದು ರಸದಲ್ಲಿ ಅದ್ದಿ, ಅದು ಮೆತ್ತಗಾಗುವಷ್ಟರಲ್ಲಿ ಬಾಯಿಗೆ ಹಾಕಿ. ನಿಂತುಕೊಂಡೇ ತಿನ್ನಬೇಕು, ಪಕ್ಕದಲ್ಲಿ ಆಫೀಸು ಮುಗಿಸಿ ಬಂದವರೂ ಹಾಗೇ ತಿನ್ನುತ್ತಿರುತ್ತಾರೆ, ಅವರನ್ನು ಸುಮ್ನೆ ಒಂದು ಮಾತು ಕೇಳಿದರೆ ಮರುದಿನದ ಊಟದ ಜಾಗವೂ ಗೊತ್ತಾಗಿಬಿಡುತ್ತದೆ. ಮೀನೂಟ ಮಾತ್ರ ಮಧ್ಯಾಹ್ನವೇ ಮಾಡಿ. ರೆಶಾದ್ ಮಸಾಲೆ ತುಂಬಿ ಹುರಿದ ಬಂಗುಡೆ ಸಿಕ್ಕರೆ ಬಿಡಬೇಡಿ.

ಹಾಡಿಗೆ ತಿಯಾತ್ರ್ ನೋಡಿ. ಇದು ಕೊಂಕಣಿ ನಾಟಕ, ಮೊದಲ ಪ್ರಯೋಗ ನಡೆದದ್ದು ಗೋವಾದಲ್ಲಲ್ಲ, 1892ರಲ್ಲಿ ಮುಂಬೈಯಲ್ಲಿ, ದುಡಿಯಲು ಹೋಗಿದ್ದ ಗೋವಾದವರ ನಡುವೆ. ಒಂದು ದೃಶ್ಯ ಮುಗಿದು ಪರದೆ ಬಿದ್ದರೆ ಒಬ್ಬ ಗಾಯಕ ಮುಂದೆ ಬಂದು ಕಾಂತಾರ್, ಅಂದರೆ ತಿಯಾತ್ರ್‌ನ ಹಾಡು, ಹಾಡುತ್ತಾನೆ. ರಂಗದ ಬದಿಯಲ್ಲೇ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ಸ್ ಹಿಡಿದ ವಾದ್ಯದವರು. ರಾಜಕಾರಣಿಯನ್ನು ಬೈಯುವ ಹಾಡಿಗೆ ಜನ ಶಿಳ್ಳೆ ಹೊಡೆದು ಮತ್ತೆ ಹಾಡಿಸುತ್ತಾರೆ. ಭಾಷೆ ಪೂರ್ತಿ ತಿಳಿಯದಿದ್ದರೂ ಆ ಶಿಳ್ಳೆಯ ನಡುವೆ ಕೂತಾಗ ನನಗೆ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ನೋಡಿದ ಕಂಪನಿ ನಾಟಕವೇ ನೆನಪಾಗುತ್ತದೆ. ಪಣಜಿಯ ಕಲಾ ಅಕಾಡೆಮಿ, ಮಡಗಾಂವ್‌ನ ರವೀಂದ್ರ ಭವನದ ಹೊರಗಿನ ಪೋಸ್ಟರ್ ನೋಡಿ ಟಿಕೆಟ್ ತೆಗೆದುಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಕುಡಿಯುವುದಿಲ್ಲ. ಅಮ್ಮನೂ ಜೊತೆಗಿರುತ್ತಾರೆ. ಗೋವಾ ನಮಗಲ್ಲ ಎನ್ನುತ್ತಾರೆ, ನಿಜವೇ?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಸುಳ್ಳು. ಬೆಳಿಗ್ಗೆ ಯಾವುದಾದರೂ ಹಳೇ ಕೆಫೆಗೆ ಹೋಗಿ ಭಾಜಿ ಪಾವ್ ಕೇಳಿ. ಬಟಾಣಿಯ ಪಾತಳ (ತೆಳು ರಸದ) ಭಾಜಿ, ಆಲೂಗಡ್ಡೆಯ ಒಣ ಪಲ್ಯ, ಎರಡನ್ನೂ ಬೆರೆಸಿಯೂ ಕೊಡುತ್ತಾರೆ. ನಿಮ್ಮೂರಲ್ಲಿ ಮಿರ್ಚಿ ಮಂಡಕ್ಕಿ ಹೇಗೋ ಇಲ್ಲಿ ಇದು ಹಾಗೆ. ಸಿಹಿಗೆ ಎಲ್ಲರೂ ಬೆಬಿಂಕಾ ಕೊಳ್ಳಿ ಅನ್ನುತ್ತಾರೆ, ಅದರಲ್ಲಿ ಮೊಟ್ಟೆಯ ಹಳದಿ ಜಾಸ್ತಿ ಇರುತ್ತದೆ. ನೀವು ದೋದೋಲ್ ತೆಗೆದುಕೊಳ್ಳಿ, ಅದು ಅಕ್ಕಿಹಿಟ್ಟು, ತೆಂಗಿನ ಹಾಲು, ಬೆಲ್ಲದ್ದು. ಸಂಜೆ ಅಮ್ಮನ ಜೊತೆ ಪಣಜಿಯ ಹಳೇ ಬಡಾವಣೆ ಫೊಂತೇನ್ಹಾಸ್‌ನ ಗಲ್ಲಿಗಳಲ್ಲಿ ನಡೆಯಿರಿ. ಅಲ್ಲಿ ಜನ ವಾಸವಿದ್ದಾರೆ, ಅವರ ಮೆಟ್ಟಿಲ ಮೇಲೆ ಕೂತು ಫೋಟೋ ಬೇಡ.

ಪ್ರಶ್ನೆ: ಫೆಣಿ ರುಚಿ ನೋಡಬೇಕು. ಊರಾಕ್ ಅಂದರೆ ಏನು?
– ಬೆಳಗಾವಿಯ ಓದುಗರು

ಉತ್ತರ: ಗೇರುಹಣ್ಣಿನ ರಸ ಹುಳಿ ಬಂದ ಮೇಲೆ ಮೊದಲ ಸಲ ಬಟ್ಟಿ ಇಳಿಸಿದ್ದು ಊರಾಕ್, ಮತ್ತೆ ಇಳಿಸಿದರೆ ಫೆಣಿ. ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಊರಾಕ್ ಗೇರುಹಣ್ಣಿನ ಕಾಲದಲ್ಲಿ, ಅಂದರೆ ಬೇಸಿಗೆಯಲ್ಲಿ ಮಾತ್ರ. ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಕುಡಿಯುತ್ತಾರೆ. ಹಗುರ ಅನ್ನಿಸುತ್ತದೆ, ಮೋಸ ಹೋಗಬೇಡಿ. ಇಲ್ಲಿ ಕುಡಿಯಲು 21 ತುಂಬಿರಬೇಕು. ಬೀಚಿನಲ್ಲಿ ಬಾಟಲಿ ತೆರೆದರೆ ದಂಡ. ಬಾಡಿಗೆ ಸ್ಕೂಟರ್‌ಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು, ಬಿಳಿ ಪ್ಲೇಟಿನದು ಅಗ್ಗವಾಗಿ ಕೊಟ್ಟರೂ ಬೇಡ. ಒಂದು ಗುಟುಕು ಕುಡಿದಿದ್ದರೂ ಸ್ಕೂಟರನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿಯಿರಿ. ಹಳ್ಳಿ ಕಡೆಯ ಬಸ್ಸುಗಳು ಬೇಗ ನಿಂತುಹೋಗುತ್ತವೆ, ಆದ್ದರಿಂದ ವಾಪಸ್ ಬರುವ ಗಾಡಿಯನ್ನು ಊಟಕ್ಕೆ ಕೂರುವ ಮೊದಲೇ ಮಾತಾಡಿಟ್ಟುಕೊಳ್ಳಿ.