ಮೊದಲ ಸಲ ಕಂಡದ್ದು, ಮೊದಲೇ ಕಂಡಂತೆ

ಪ್ರಶ್ನೆ: ಕಳೆದ ತಿಂಗಳು ಸೋದರತ್ತೆಯ ಮನೆಗೆಂದು ಚಿತ್ರದುರ್ಗಕ್ಕೆ ಹೋದವಳು ಜೀವನದಲ್ಲಿ ಮೊದಲ ಬಾರಿಗೆ ಕೋಟೆ ಹತ್ತಿದೆ. ಮೂರನೆಯದೋ ನಾಲ್ಕನೆಯದೋ ಬಾಗಿಲು ದಾಟಿ ತಿರುಗಿದಾಗ, ಅತ್ತೆ ಕಲ್ಲಿನ ಮೇಲೆ ಕುಳಿತು ಮಂಡಕ್ಕಿಯ ಪ್ಲಾಸ್ಟಿಕ್ ಚೀಲ ಬಿಚ್ಚುತ್ತಿದ್ದರು. ಆ ಗೋಡೆ, ಆ ಬಿಸಿಲು, ಅವರ ಕೈ ಎಲ್ಲವೂ ಹಿಂದೊಮ್ಮೆ ಹೀಗೆಯೇ ಇದ್ದವು ಎನ್ನಿಸಿ ಮೈ ಜುಮ್ಮೆಂದಿತು. ಮುಂದೆ ಅವರು ಏನು ಹೇಳುತ್ತಾರೆಂಬುದೂ ತಿಳಿದಿದೆ ಎನ್ನಿಸಿತು. ಹಿಂದಿನ ಜನ್ಮದ ನಂಟು ಎನ್ನುತ್ತಾರೆ ನಮ್ಮ ಅಜ್ಜಿ. ನನಗೆ 22 ವರ್ಷ. ಇದು ಮನೋರೋಗದ ಲಕ್ಷಣವೇ?
ಓದುಗರು, ದಾವಣಗೆರೆ

ಉತ್ತರ: ಅಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಒಮ್ಮೆಯಾದರೂ ಈ ಅನುಭವ ಆಗಿರುತ್ತದೆ. ಹದಿಹರೆಯದ ಕೊನೆಯಿಂದ ಇಪ್ಪತ್ತೈದರವರೆಗೆ ಹೆಚ್ಚಾಗಿ ಬಂದು, ವಯಸ್ಸಾದಂತೆ ವಿರಳವಾಗುತ್ತದೆ. ದಣಿದಾಗ ಮತ್ತು ಪ್ರಯಾಣದಲ್ಲಿ ತುಸು ಹೆಚ್ಚು. ಕಾಲೇಜಿನ ದಿನಗಳಲ್ಲಿ ನನಗೂ ಆಗಾಗ ಆಗುತ್ತಿತ್ತು. ಅರವತ್ತು ದಾಟಿದ ಮೇಲೆ ಒಮ್ಮೆಯೂ ಬಂದಿಲ್ಲ, ಅದಕ್ಕೆ ಸ್ವಲ್ಪ ಬೇಸರವೂ ಇದೆ. ಇದಕ್ಕೆ ಫ್ರೆಂಚರು ಕೊಟ್ಟ ‘ದೇಜಾ ವು’, ಅಂದರೆ ‘ಈಗಾಗಲೇ ಕಂಡದ್ದು’ ಎಂಬ ಹೆಸರೇ ಎಲ್ಲೆಡೆ ನಿಂತಿದೆ.

ದಿನವೂ ನಿಮಗೆ ಬೆಣ್ಣೆದೋಸೆ ತಂದುಕೊಡುವ ಹೋಟೆಲಿನ ಹುಡುಗ ಒಂದು ಮದುವೆ ಮನೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಾದರೆ ‘ಎಲ್ಲೋ ನೋಡಿದ ಮುಖ’ ಎನ್ನಿಸುತ್ತದೆ, ಎಲ್ಲಿ ಎಂಬುದು ಹೊಳೆಯುವುದಿಲ್ಲ. ಪರಿಚಯದ ಭಾವನೆಯೇ ಒಂದು ಕೆಲಸ, ಯಾವಾಗ ಎಲ್ಲಿ ಎಂದು ನೆನಪನ್ನು ಹೆಕ್ಕಿ ತೆಗೆಯುವುದೇ ಇನ್ನೊಂದು ಕೆಲಸ ಎಂಬುದು ಆಗ ಗೊತ್ತಾಗುತ್ತದೆ. ಕೋಟೆಯಲ್ಲಿ ನಿಮಗಾದದ್ದೂ ಇದರ ಜಾತಿಯದೇ: ಪರಿಚಯದ ಭಾವನೆ ಬಂತು, ಅದರ ಹಿಂದೆ ಬರಬೇಕಾದ ನೆನಪು ಬರಲಿಲ್ಲ. ಇಲ್ಲಿಗೆ ಹಿಂದೆ ಬಂದಿಲ್ಲ ಎಂಬುದು ಖಚಿತವಾಗಿ ಗೊತ್ತಿದ್ದುದರಿಂದಲೇ ನಿಮಗೆ ವಿಚಿತ್ರವೆನ್ನಿಸಿತು. ಆ ಅನುಮಾನ ಮನಸ್ಸು ತನ್ನ ತಪ್ಪನ್ನು ತಾನೇ ಹಿಡಿಯುತ್ತಿರುವುದರ ಗುರುತು, ಗಾಬರಿಗೆ ಕಾರಣವಲ್ಲ.

ಆ ಭಾವನೆ ಎಲ್ಲಿಂದ ಬಂತು? ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಆನ್ ಕ್ಲಿಯರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನಲ್ಲಿ ಕಟ್ಟಿದ ತಾಣಗಳೊಳಗೆ ಜನರನ್ನು ಸುತ್ತಾಡಿಸಿದರು. ಕೆಲವು ತಾಣಗಳಲ್ಲಿ ವಸ್ತುಗಳು ಬೇರೆಯಾಗಿದ್ದರೂ ಅವನ್ನು ಜೋಡಿಸಿದ ರೀತಿ ಹಿಂದೆ ಕಂಡ ಒಂದು ತಾಣದಂತೆಯೇ ಇತ್ತು. ಆ ಹಿಂದಿನ ತಾಣ ನೆನಪಿಗೆ ಬಾರದಿದ್ದಾಗಲೂ ಇಂಥ ಕಡೆ ದೇಜಾ ವು ಹೆಚ್ಚಾಗಿ ಕಂಡಿತು. ಇನ್ನು ದುರ್ಗದ ಕೋಟೆಯನ್ನು ನೋಡಿ: ಶತ್ರು ನೇರವಾಗಿ ನುಗ್ಗಬಾರದೆಂದು ದಾರಿಯನ್ನು ಬಾಗಿಲಿನಿಂದ ಬಾಗಿಲಿಗೆ ಅಂಕುಡೊಂಕಾಗಿ ತಿರುಗಿಸಿದ್ದಾರೆ, ಎರಡೂ ಬದಿಗೆ ಅದೇ ದಪ್ಪ ಕಲ್ಲಿನ ಗೋಡೆ, ಮೇಲೆ ಅದೇ ಬಂಡೆ. ನಾಲ್ಕನೆಯ ತಿರುವು ಎರಡನೆಯದರ ಅಚ್ಚಿನಂತೆ ಕಂಡರೆ ಆಶ್ಚರ್ಯವೇನು? ಪಠ್ಯಪುಸ್ತಕದಲ್ಲಿ, ಟಿವಿಯಲ್ಲಿ ಓಬವ್ವನ ಕಿಂಡಿಯ ಆಸುಪಾಸನ್ನು ಎಷ್ಟು ಸಲ ಕಂಡಿದ್ದೀರೋ. ಇದು ನನ್ನ ಊಹೆ ಮಾತ್ರ. ನಿಮ್ಮ ಮಟ್ಟಿಗೆ ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ.

ಮುಂದಾಗುವುದು ಗೊತ್ತಿದೆ ಎನ್ನಿಸಿದ್ದರ ಬಗ್ಗೆ ಅದೇ ಕ್ಲಿಯರಿಯವರು 2018ರಲ್ಲಿ ಪರೀಕ್ಷಿಸಿದ್ದಾರೆ. ದೇಜಾ ವು ಬಂದ ಗಳಿಗೆಯಲ್ಲಿ ಮುಂದಿನ ತಿರುವು ಎಡಕ್ಕೋ ಬಲಕ್ಕೋ ತಮಗೆ ತಿಳಿದಿದೆ ಎಂದು ಜನರಿಗೆ ಬಲವಾಗಿ ಅನ್ನಿಸಿತು. ಅವರು ಹೇಳಿದ್ದು ಮಾತ್ರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಸರಿಯಾಗಲಿಲ್ಲ. ಅತ್ತೆ ಆಗ ಏನು ಹೇಳಿದರೆಂದು ನೀವೂ ಪತ್ರದಲ್ಲಿ ಬರೆದಿಲ್ಲ, ಗಮನಿಸಿ.

ಅಜ್ಜಿಯವರೊಡನೆ ವಾದಕ್ಕಿಳಿಯುವ ಇಚ್ಛೆ ನನಗಿಲ್ಲ. ಆದರೆ ಹಿಂದಿನ ಜನ್ಮದಲ್ಲಿಯೂ ಅದೇ ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿಯೇ ಮಂಡಕ್ಕಿ ತಂದಿದ್ದರು ಎಂದು ನಂಬುವುದು ಸ್ವಲ್ಪ ಕಷ್ಟ.

ಪ್ರಶ್ನೆ: 15 ವರ್ಷದ ನನ್ನ ಮಗ ವಾರಕ್ಕೆ ಎರಡು ಮೂರು ಸಲ ‘ಅಮ್ಮಾ, ಇದು ಮೊದಲೇ ಆಗಿತ್ತು’ ಎನ್ನುತ್ತಾನೆ. ಹೊಟ್ಟೆಯಿಂದ ಏನೋ ಮೇಲೇರಿದಂತಾಗುತ್ತದಂತೆ. ಆಮೇಲೆ ಒಂದು ನಿಮಿಷ ಕರೆದರೂ ಓಗೊಡದೆ ಬಾಯಿ ಚಪ್ಪರಿಸುತ್ತಿರುತ್ತಾನೆ. ದೃಷ್ಟಿ ತೆಗೆಸಿದ್ದೇವೆ.
ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಅಮ್ಮಾ, ಮೇಲಿನ ಉತ್ತರ ನಿಮಗೆ ಅನ್ವಯಿಸುವುದಿಲ್ಲ. ನೀವು ಹೇಳಿದ ಲಕ್ಷಣಗಳು ಕಿವಿಯ ನೇರಕ್ಕಿರುವ ಮಿದುಳಿನ ಭಾಗದಲ್ಲಿ ಹುಟ್ಟುವ ಒಂದು ಬಗೆಯ ಮೂರ್ಛೆ ರೋಗದಲ್ಲಿ ಕಾಣುವಂಥವು. ಕೈಕಾಲು ಸೆಳೆಯದೆ, ಬಾಯಲ್ಲಿ ನೊರೆ ಬಾರದೆಯೂ ಫಿಟ್ಸ್ ಬರಬಹುದು. ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಒಮ್ಮೆ ಸರಿಯಾಗಿ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನವಾಗುವುದಿಲ್ಲ; ಕಣ್ಣಾರೆ ಕಂಡವರ ವಿವರಣೆಗೆ ವೈದ್ಯರು ಹೆಚ್ಚು ಬೆಲೆ ಕೊಡುತ್ತಾರೆ. ಆದ್ದರಿಂದ ಮುಂದಿನ ಸಲ ಹಾಗಾದಾಗ ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲಿ, ದಿನ, ಹೊತ್ತು, ಎಷ್ಟು ಹೊತ್ತು ಇತ್ತು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವೈದ್ಯರು ನೋಡುವವರೆಗೆ ಅವನು ಬಾವಿ, ಕೆರೆಗೆ ಈಜಲು ಹೋಗುವುದು ಬೇಡ, ಸೈಕಲ್ಲೂ ಬೇಡ.