ಗೋಡೆ ತುಂಬ ಚಿತ್ರ, ಬಳಸುವವರು ಯಾರೂ ಇಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಬೇರೆ ಬೇರೆ ಅಂಗಿ ತೊಟ್ಟು ಬಂದಿದೆ ಅಷ್ಟೆ. ಆಟಿಸಂ ಇರುವ ಮಗುವಿಗೆಂದು ಚಿತ್ರದ ಕಾರ್ಡು ಮಾಡಿಸಿದೆವು, ಏನೂ ಉಪಯೋಗವಾಗಲಿಲ್ಲ ಎಂಬುದು ಎಲ್ಲದರ ಸಾರ. ಈ ದೂರು ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗಾಗಿ ಒಂದು ಪತ್ರಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಆಟಿಸಂ ಎಂದರೇನು, ಯಾವ ವಯಸ್ಸಿಗೆ ಗೊತ್ತಾಗುತ್ತದೆ ಎಂಬುದನ್ನೆಲ್ಲ ನಿಮ್ಮ ಮಗುವನ್ನು ನೋಡುತ್ತಿರುವವರು ಆಗಲೇ ಹೇಳಿರುತ್ತಾರೆ. ಅದಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ, ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಥೆರಪಿಸ್ಟ್ ಹೇಳಿದಂತೆ ದಿನದ ಕೆಲಸಗಳ ಚಿತ್ರಪಟ್ಟಿ ಮಾಡಿ, ಲ್ಯಾಮಿನೇಷನ್ ಮಾಡಿಸಿ, ಹಾಲ್‌ನ ಗೋಡೆಗೆ ಹಾಕಿ ಎರಡು ತಿಂಗಳಾಯಿತು. ಹದಿನಾಲ್ಕು ಚಿತ್ರಗಳಿವೆ. ಅವನು ಅದರ ಕಡೆ ನೋಡುವುದೇ ಇಲ್ಲ. ಕುರ್ಚಿ ಹತ್ತಿ ಸ್ನಾನದ ಚಿತ್ರವನ್ನು ಕಿತ್ತು ಮಂಚದ ಕೆಳಗೆ ಎಸೆಯುತ್ತಾನೆ. ಹಠ, ರಂಪ ಒಂದಿಷ್ಟೂ ಕಡಿಮೆಯಾಗಿಲ್ಲ. ಚಿತ್ರದಿಂದ ಕಲಿಸುವುದು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎನ್ನುತ್ತಾರಲ್ಲ, ನಿಲ್ಲಿಸಿಬಿಡಲೇ?

ಉತ್ತರ: ನೋಡುವುದೇ ಇಲ್ಲ ಎಂದು ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ, ಕುರ್ಚಿ ಹತ್ತಿ ಹದಿನಾಲ್ಕು ಚಿತ್ರಗಳ ನಡುವಿನಿಂದ ಸ್ನಾನದ್ದನ್ನೇ ಹುಡುಕಿ ಕೀಳುತ್ತಾನೆ ಎಂದೂ ಬರೆದಿದ್ದೀರಿ. ನೋಡದೆ ಹೇಗಮ್ಮ ಕಿತ್ತ? ಆ ಪಟ್ಟಿಯನ್ನು ಸರಿಯಾಗಿ ಓದಿಕೊಂಡವನು ನಿಮ್ಮ ಮನೆಯಲ್ಲಿ ಅವನೊಬ್ಬನೇ. ‘ಇದು ಬೇಡ’ ಎನ್ನಲು ಅವನಿಗೆ ಮಾತಿಲ್ಲ, ಕೈಗೆ ಕಾರ್ಡು ಸಿಕ್ಕಿತು, ಮಂಚದ ಕೆಳಗೆ ಹಾಕಿದ. ಎರಡು ತಿಂಗಳಿಂದ ಅವನು ಸ್ಪಷ್ಟವಾಗಿ ಹೇಳುತ್ತಿದ್ದಾನೆ, ನೀವು ಮಂಚದ ಕೆಳಗೆ ಬಗ್ಗಿ ಕಾರ್ಡು ತೆಗೆದು ಮತ್ತೆ ಅಂಟಿಸುತ್ತಿದ್ದೀರಿ.

ಹಾಗೆಂದು ಸ್ನಾನ ಬಿಡಿಸಿ ಎನ್ನುತ್ತಿಲ್ಲ. ಬೇಡ ಎನ್ನಲು ಅವನಿಗೊಂದು ಕಾರ್ಡು ಕೊಡಿ, ‘ಆಮೇಲೆ’ ಎನ್ನಲು ಇನ್ನೊಂದು ಕೊಡಿ. ‘ಆಮೇಲೆ’ ತೋರಿಸಿದರೆ ಐದು ನಿಮಿಷ ನಿಜವಾಗಿಯೂ ಬಿಡಿ. ಆಟಕ್ಕೆ ಮುಂಚೆ ಸ್ನಾನವೋ, ಆಟ ಮುಗಿದ ಮೇಲೋ ಎಂದು ಅವನೇ ಕಾರ್ಡು ಹಿಂದೆ ಮುಂದೆ ಮಾಡಲಿ. ಸ್ನಾನದಲ್ಲಿ ಅವನಿಗೆ ಆಗದಿರುವುದು ಯಾವುದು ಎಂಬುದನ್ನೂ ಹುಡುಕಿ. ತಲೆಯ ಮೇಲೆ ಒಮ್ಮೆಲೇ ಸುರಿಯುವ ನೀರೇ, ನೀರು ಬೀಳುವ ಸದ್ದೇ, ಒರಟು ಟವೆಲ್ಲೇ? ಇದನ್ನು ಯಾವ ಚಿತ್ರವೂ ಸರಿಮಾಡುವುದಿಲ್ಲ. ತಂಬಿಗೆಯನ್ನು ಹೆಗಲಿನ ಮಟ್ಟಕ್ಕೆ ಇಳಿಸಿದರೆ ಸರಿಹೋಗಬಹುದು.

ಈಗ ಪಟ್ಟಿಯ ವಿಷಯ. ಅದು ನಿಮ್ಮ ಎತ್ತರಕ್ಕಿದೆ. ಕುರ್ಚಿ ಹತ್ತಬೇಕಾಗಿ ಬಂದದ್ದು ಅದಕ್ಕೇ. ಕಾರ್ಡು ಅವನ ಕಣ್ಣಿನ ಮಟ್ಟದಲ್ಲಿರಬೇಕು, ಅವನ ಕೈಗೆ ಸಿಗಬೇಕು, ಕಿತ್ತು ಮತ್ತೆ ಅಂಟಿಸಲು ಬರಬೇಕು. ಗಮ್ಮು ಹಾಕಿ ಕಾಯಂ ಅಂಟಿಸಿದರೆ ಅದು ಕ್ಯಾಲೆಂಡರ್. ಇನ್ನು, ಹದಿನಾಲ್ಕು ಚಿತ್ರ ಯಾಕೆ? ನಿಮ್ಮ ಮೇಲಧಿಕಾರಿ ಬೆಳಿಗ್ಗೆಯೇ ಹದಿನಾಲ್ಕು ಕೆಲಸದ ಪಟ್ಟಿ ಮುಖಕ್ಕೆ ಹಿಡಿದರೆ ನೀವೂ ಅತ್ತ ನೋಡಲಾರಿರಿ. ಎರಡರಿಂದ ಶುರುಮಾಡಿ: ಮೊದಲು ಬೂಟು, ಆಮೇಲೆ ಉಯ್ಯಾಲೆ. ಅಷ್ಟು ಗಟ್ಟಿಯಾದ ಮೇಲೆ ಮೂರು.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಿಗೆಂದು ರಾತ್ರಿ ಕೂತು ಗೆರೆಚಿತ್ರ ಬರೆದು, ಹೊಳೆಯುವ ಲ್ಯಾಮಿನೇಷನ್ ಮಾಡಿಸಿದ್ದೆ. ಅವನು ಕಾರ್ಡನ್ನು ಅತ್ತ ಇತ್ತ ವಾಲಿಸಿ ತುಂಬ ಹೊತ್ತು ನೋಡುತ್ತಿದ್ದ. ‘ಚಿತ್ರಗಳಲ್ಲಿ ಆಸಕ್ತಿ ಚೆನ್ನಾಗಿದೆ’ ಎಂದು ಫೈಲಿನಲ್ಲಿ ಬರೆದೆ. ಮೂರು ವಾರ ಕಳೆದ ಮೇಲೆ ಒಂದು ದಿನ, ಅವನು ಎದ್ದುಹೋದ ಪುಟ್ಟ ಕುರ್ಚಿಯಲ್ಲಿ ನಾನೇ ಕೂತು ಕಾರ್ಡು ಹಿಡಿದೆ. ಚಿತ್ರವೇ ಕಾಣಲಿಲ್ಲ. ತಲೆಯ ಮೇಲಿನ ಟ್ಯೂಬ್‌ಲೈಟ್ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪಟ್ಟಿಯಾಗಿ ಓಡಾಡುತ್ತಿತ್ತು. ಹುಡುಗ ಮೂರು ವಾರ ಆ ಪಟ್ಟಿಯನ್ನೇ ಓಡಿಸಿ ಆಡಿದ್ದ. ಮರುದಿನ ಕಾರ್ಡು ಬದಿಗಿಟ್ಟು ಚೆಂಡನ್ನೇ ಕೈಗೆ ಕೊಟ್ಟೆ. ತಾನಾಗಿ ಎದ್ದು ಆಟದ ಮೂಲೆಗೆ ನಡೆದ.

ಅಂದಿನಿಂದ ಚಿತ್ರ ಬರೆಯುವ ಮೊದಲು ಪರೀಕ್ಷಿಸುತ್ತೇನೆ. ಮೇಜಿನ ಮೇಲೆ ಚೆಂಡು, ಬಾಚಣಿಗೆ ಇಡಿ. ಚೆಂಡಿನ ಚಿತ್ರ ಕೈಗೆ ಕೊಡಿ. ಚೆಂಡಿನ ಪಕ್ಕ ಇಡುತ್ತಾನೋ? ಸ್ಥಳ ಅದಲುಬದಲು ಮಾಡಿದರೂ ಇಡುತ್ತಾನೋ? ಇಟ್ಟರೆ ಚಿತ್ರ ಅವನಿಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಇನ್ನೂ ವಸ್ತುವಿನ ಹಂತದಲ್ಲೇ ಇದ್ದಾನೆ. ಸ್ನಾನಕ್ಕೆ ಟವೆಲ್, ಹೊರಗೆ ಹೋಗಲು ಬೂಟು ಕೈಗೆ ಕೊಡಿ, ಸಾಕು. ಆಮೇಲೆ ನಿಮ್ಮ ಮನೆಯದೇ ವಸ್ತುವಿನ ಫೋಟೊ, ಆಮೇಲೆ ಗೆರೆಚಿತ್ರ, ಕೊನೆಗೆ ಅಕ್ಷರ. ಕೆಲವು ಮಕ್ಕಳು ನಡುವಿನ ಮೆಟ್ಟಿಲು ಹಾರಿ ನೇರ ಅಕ್ಷರಕ್ಕೆ ಹೋಗುತ್ತಾರೆ, ಹೋಗಲಿ ಬಿಡಿ. ನಿಮ್ಮ ಮಗ ಹದಿನಾಲ್ಕರಲ್ಲಿ ಒಂದನ್ನು ಆರಿಸಿ ಎಸೆಯುವವನು, ವಸ್ತುವಿನ ಹಂತ ದಾಟಿ ಚಿತ್ರದ ಹಂತಕ್ಕೆ ಬಂದೇ ಇದ್ದಾನೆ ಎಂಬುದು ನನ್ನ ಅಂದಾಜು. ಆದರೂ ಕಣ್ಣಿನ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಅದನ್ನು ಮರೆತವರನ್ನು ಬೇಕಾದಷ್ಟು ಜನರನ್ನು ನೋಡಿದ್ದೇನೆ.

ಎರಿಕ್ ಶಾಪ್ಲರ್ ಎಂಬವರು 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗೆಂದು ಕಟ್ಟಿದ ‘ಟೀಚ್’ ಕಾರ್ಯಕ್ರಮದಿಂದ ಬಂದ ನಾಲ್ಕು ಪ್ರಶ್ನೆಗಳಿವೆ. ಏನು ಮಾಡಬೇಕು? ಎಷ್ಟು ಮಾಡಬೇಕು? ಮುಗಿಯಿತೆಂದು ಹೇಗೆ ಗೊತ್ತಾಗುತ್ತದೆ? ಮುಗಿದ ಮೇಲೆ ಏನು? ನಿಮ್ಮ ಪಟ್ಟಿಯ ಮುಂದೆ ನಿಂತು ಈ ನಾಲ್ಕನ್ನೂ ಕೇಳಿ. ಬಹುತೇಕ ಮನೆಗಳ ಪಟ್ಟಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ‘ಓದು’ ಎಂದು ಪುಸ್ತಕದ ಚಿತ್ರ ಹಾಕಿರುತ್ತೀರಿ. ಎಷ್ಟು ಪುಟ? ಅವನಿಗೆ ಗೊತ್ತಿಲ್ಲ. ಕೊನೆ ಕಾಣದ ಕೆಲಸಕ್ಕೆ ಯಾರು ಕೂರುತ್ತಾರೆ? ಮೂರು ಪುಟಕ್ಕೆ ಮೂರು ಕ್ಲಿಪ್ಪು ಹಾಕಿ, ಒಂದೊಂದಾಗಿ ತೆಗೆಯಲಿ. ಪಟ್ಟಿಯ ಕೆಳಗೆ ಒಂದು ಡಬ್ಬಿ ಇಡಿ. ಕೆಲಸ ಮುಗಿದ ಕೂಡಲೇ ಆ ಕಾರ್ಡನ್ನು ಅವನೇ ಕಿತ್ತು ಡಬ್ಬಿಗೆ ಹಾಕಬೇಕು. ನೀವು ಹಾಕಬೇಡಿ. ಕಾರ್ಡು ಒಳಗೆ ಬಿದ್ದ ಸದ್ದಿನಲ್ಲಿ ಅವನಿಗೆ ಸಿಗುವ ಸಮಾಧಾನವನ್ನು ನಿಮ್ಮ ‘ಗುಡ್ ಬಾಯ್’ ಕೊಡುವುದಿಲ್ಲ.

ಮುಖ್ಯವಾದದ್ದು ಇನ್ನು ಬರುತ್ತದೆ. ಆ ಪಟ್ಟಿಯನ್ನು ನೀವು ಬಳಸುತ್ತಿದ್ದೀರಾ? ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ನಾನು ಕಂಡ ಮನೆಗಳಲ್ಲಿ ನಡೆಯುವುದು ಹೀಗೆ: ಪಟ್ಟಿ ಹಾಲ್‌ನಲ್ಲಿ, ಅಮ್ಮ ಅಡುಗೆಮನೆಯಲ್ಲಿ. ಅಲ್ಲಿಂದಲೇ ‘ಸ್ನಾನಕ್ಕೆ ಬಾರೋ, ಎಷ್ಟು ಸಲ ಕರೀಬೇಕು, ಲೇಟಾಯ್ತು, ನೋಡು ಅಲ್ಲಿ ಚಿತ್ರ ಇದೆಯಲ್ಲ’ ಎಂಬ ಕೂಗು. ಮಾತು ಹೇಳಿ ಮುಗಿಯುವಷ್ಟರಲ್ಲಿ ಗಾಳಿಗೆ ಹೋಗಿರುತ್ತದೆ. ಮಗು ಅದರ ಬಾಲ ಹಿಡಿಯುವ ಮೊದಲೇ ಇನ್ನೊಂದು ವಾಕ್ಯ ಬಂದು ಬೀಳುತ್ತದೆ. ಚಿತ್ರ ಇದ್ದಲ್ಲೇ ಇರುತ್ತದೆ, ಹತ್ತನೇ ಸಲ ನೋಡಿದರೂ ಸಿಡುಕುವುದಿಲ್ಲ. ಅದರ ಪ್ರಯೋಜನವೇ ಅಷ್ಟು. ಅದರ ಮೇಲೆ ಮಾತು ಸುರಿದು ಆ ಪ್ರಯೋಜನವನ್ನೂ ಹಾಳುಮಾಡಬೇಡಿ. ಹತ್ತಿರ ಹೋಗಿ, ಕೂತುಕೊಳ್ಳಿ, ಕಾರ್ಡು ಕೈಗೆ ಕೊಡಿ, ‘ಸ್ನಾನ’ ಎನ್ನಿ. ಒಂದೇ ಪದ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳದಿದ್ದರೆ ಹಿಂದಿನಿಂದ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ದಾರಿ ತೋರಿಸಿ. ಕೊಸರಿಕೊಂಡರೆ ಕೈ ತೆಗೆಯಿರಿ, ಎಳೆಯಬೇಡಿ. ಈ ಹತ್ತು ಎಣಿಸುವುದು ತಾಯ್ತಂದೆಯರಿಗೆ ಎಷ್ಟು ಕಷ್ಟ ಎಂದರೆ, ನನ್ನ ಎದುರೇ ಕೂತು ಮಾಡಿಸಿದಾಗ ನಾಲ್ಕಕ್ಕೆ ಬಾಯಿ ತೆರೆಯುತ್ತಾರೆ.

ಪಟ್ಟಿಯಲ್ಲಿ ಅವನಿಗೆ ಬೇಕಾದದ್ದು ಎಷ್ಟಿದೆ, ನಿಮಗೆ ಬೇಕಾದದ್ದು ಎಷ್ಟಿದೆ ಎಂದೂ ಎಣಿಸಿ. ಹಲ್ಲುಜ್ಜು, ಸ್ನಾನ, ಬಟ್ಟೆ, ಥೆರಪಿ, ಬರೆ, ಮಲಗು: ಇದು ಜೈಲಿನ ನೋಟಿಸ್ ಬೋರ್ಡು. ಉಯ್ಯಾಲೆ, ಸೋಪಿನ ಗುಳ್ಳೆ, ಸುಮ್ಮನೆ ಮಂಚದ ಮೇಲೆ ಹೊರಳಾಡುವುದು, ಇವಕ್ಕೂ ಕಾರ್ಡು ಇರಲಿ. ‘ಮೊದಲು, ಆಮೇಲೆ’ ಎಂಬುದನ್ನು ಬೆದರಿಕೆಯಾಗಿ ಬಳಸಬೇಡಿ. ಆಮೇಲೆ ಉಯ್ಯಾಲೆ ಎಂದು ತೋರಿಸಿದ ಮೇಲೆ ಉಯ್ಯಾಲೆ ಸಿಗಲೇಬೇಕು, ಬೂಟು ಉಲ್ಟಾ ಹಾಕಿಕೊಂಡಿದ್ದರೂ. ಖಾತ್ರಿಯಿಲ್ಲದಿದ್ದರೆ ಆ ಚಿತ್ರ ಹಾಕಬೇಡಿ. ಒಂದೆರಡು ಸಲ ಮೋಸವಾದರೆ ಇಡೀ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ, ಮತ್ತೆ ಗಳಿಸಲು ತಿಂಗಳುಗಟ್ಟಲೆ ಬೇಕು.

ಯೋಜನೆ ಬದಲಾಗುವ ದಿನಕ್ಕೂ ಒಂದು ಕಾರ್ಡು ಬೇಕು. ಪ್ರಶ್ನೆ ಚಿಹ್ನೆಯೋ, ಒಂದು ಬಣ್ಣದ ಚೌಕವೋ ಸಾಕು. ಇದನ್ನು ಎಲ್ಲರೂ ಕೆಟ್ಟ ಸುದ್ದಿಯ ದಿನವೇ ಮೊದಲ ಬಾರಿಗೆ ತೆಗೆಯುತ್ತಾರೆ: ಉಯ್ಯಾಲೆ ಇಲ್ಲ, ಆಸ್ಪತ್ರೆ. ಆ ಮೇಲೆ ಕಾರ್ಡು ಕಂಡರೇ ಮಗು ಕಿರುಚುತ್ತದೆ, ಅದರಲ್ಲಿ ಆಶ್ಚರ್ಯವೇನಿದೆ? ಮೊದಲು ಹತ್ತು ಸಲ ಒಳ್ಳೆಯ ಬದಲಾವಣೆಗೆ ಬಳಸಿ. ಬರೆಯುವುದು ಇತ್ತು, ಬದಲಾಯಿತು, ಗುಳ್ಳೆ ಬಂತು. ಬದಲಾವಣೆ ಎಂದರೆ ಕೆಡುಕೇ ಅಲ್ಲ ಎಂದು ಗೊತ್ತಾದ ಮೇಲೆ ಆಸ್ಪತ್ರೆಯ ಸುದ್ದಿ ತನ್ನಿ.

ರಂಪ ಶುರುವಾದ ಮೇಲೆ ಮುಖದೆದುರು ಕಾರ್ಡು ಅಲ್ಲಾಡಿಸಬೇಡಿ. ಆ ಹೊತ್ತಿಗೆ ಯಾರಿಗೂ ಏನೂ ಓದಲು ಬರುವುದಿಲ್ಲ.

ನಿಲ್ಲಿಸಲೇ ಎಂದು ಕೇಳಿದ್ದೀರಿ. ಚಿತ್ರದ ನೆರವು ಯಾರೋ ಒಬ್ಬರ ಖಯಾಲಿ ಅಲ್ಲ. ಆಟಿಸಂಗೆ ಏನೇನು ಕೆಲಸ ಮಾಡುತ್ತದೆ ಎಂದು ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು ಅಮೆರಿಕದಲ್ಲಿ 2020ರಲ್ಲಿ ಬಂದ ವರದಿ 28 ವಿಧಾನಗಳಿಗೆ ಆಧಾರವಿದೆ ಎಂದಿತು. ಅದರಲ್ಲಿ ಇದೂ ಒಂದು. ನೀವು ಇನ್ನೂ ಶುರುವನ್ನೇ ಮಾಡಿಲ್ಲ. ಗೋಡೆಗೆ ಅಂಟಿಸಿದ್ದೀರಿ ಅಷ್ಟೆ.

ಪ್ರಶ್ನೆ: ಚಿತ್ರ ತೋರಿಸಿ ಕೇಳುವುದನ್ನು ರೂಢಿ ಮಾಡಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂದು ನಮ್ಮ ಅತ್ತೆ ಹೇಳುತ್ತಾರೆ. ನಿಜವೇ?

ಉತ್ತರ: ಅತ್ತೆಯವರು ಹೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಇದನ್ನೇ ಕೆಲವು ಥೆರಪಿಸ್ಟ್‌ಗಳೂ ಹೇಳುತ್ತಾರಲ್ಲ, ಅವರ ಮೇಲೆ ನನಗೆ ಸಿಟ್ಟು. ಚಿತ್ರ, ಸನ್ನೆಗಳಂಥ ನೆರವು ಕೊಟ್ಟಾಗ ಮಾತಿಗೆ ಏನಾಗುತ್ತದೆ ಎಂದು 2006ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬೆಳವಣಿಗೆಯ ತೊಂದರೆ ಇರುವವರ ಮೇಲೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಸೋಸಿತು. ಬಿಗಿಯಾಗಿ ನಡೆದ ಅಧ್ಯಯನಗಳಲ್ಲಿ ಸಿಕ್ಕ 27 ಮಂದಿಯಲ್ಲಿ ಯಾರಿಗೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. 89 ಶೇಕಡಾ ಮಂದಿಗೆ ಹೆಚ್ಚಾಗಿತ್ತು. ಹೆಚ್ಚಿನವರಿಗೆ ಸ್ವಲ್ಪ ಸ್ವಲ್ಪವೇ, ಆದರೆ ಹೆಚ್ಚಾಗಿತ್ತು. ಉಳಿದವರು ಇದ್ದಲ್ಲೇ ಇದ್ದರು. ನಿಮ್ಮ ಮಗುವಿಗೆ ಮಾತು ಬಂದೇ ಬರುತ್ತದೆ ಎಂದು ನಾನು ಬರೆದುಕೊಡುವುದಿಲ್ಲ, ಬರೆದುಕೊಡುವವರನ್ನು ನೀವೂ ನಂಬಬೇಡಿ. ಚಿತ್ರದಿಂದ ನಿಲ್ಲುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಒಂದು ಮಾತು. ಆಂಡಿ ಬಾಂಡಿ, ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ‘ಪೆಕ್ಸ್’ ವಿಧಾನದಲ್ಲಿ ಮಗು ಚಿತ್ರವನ್ನು ಎತ್ತಿ ಎದುರಿನವರ ಕೈಗೆ ಕೊಡುತ್ತದೆ, ಬೇಕಾದ ವಸ್ತು ಆ ಕ್ಷಣವೇ ಸಿಗುತ್ತದೆ. ಶುರುವಿನಲ್ಲಿ ಇಬ್ಬರು ದೊಡ್ಡವರು ಬೇಕು: ಒಬ್ಬರು ಎದುರಿಗೆ, ಇನ್ನೊಬ್ಬರು ಹಿಂದೆ ಕೂತು ಮಗುವಿನ ಕೈ ನಡೆಸಲು. ಹಿಂದಿನವರು ತುಟಿ ಬಿಚ್ಚಬಾರದು. ಎದುರಿನವರು ‘ಏನು ಬೇಕು?’ ಎಂದು ಕೇಳಬಾರದು. ಆ ಪ್ರಶ್ನೆ ಬರುವುದು ಐದನೇ ಹಂತದಲ್ಲಿ. ಮೊದಲ ದಿನವೇ ಅದನ್ನು ಕೇಳಿದರೆ, ಕೇಳಿದಾಗ ಮಾತ್ರ ಹೇಳುವ ಮಗು ತಯಾರಾಗುತ್ತದೆ. ‘ಬಾಯಲ್ಲಿ ಹೇಳು, ಆಮೇಲೆ ಕೊಡ್ತೀನಿ’ ಎಂದು ಕಾರ್ಡು ಹಿಡಿದುಕೊಂಡು ಕೂರುವವರಿಗೆ ನಾನು ಕಾರ್ಡೇ ಕೊಡುವುದಿಲ್ಲ.

ಪ್ರಶ್ನೆ: ದೇಹದ ಲೋಹ ತೆಗೆಯುವ ಕೀಲೇಷನ್ ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆಯೇ? ಲಸಿಕೆ ಹಾಕಿಸಿದ್ದೇ ತಪ್ಪಾಯಿತೇ?

ಉತ್ತರ: ಇಲ್ಲ. ಇಲ್ಲ. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಕೀಲೇಷನ್ ಔಷಧಿ ಕೊಡುವಾಗಲೇ ಸತ್ತ. ಲಸಿಕೆಯ ಕತೆ ಶುರುವಾದದ್ದು 1998ರಲ್ಲಿ ಹನ್ನೆರಡು ಮಕ್ಕಳನ್ನಿಟ್ಟುಕೊಂಡು ಬರೆದ ಒಂದು ಲೇಖನದಿಂದ, ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಈ ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸಬೇಡಿ.

ಪ್ರಶ್ನೆ: ಕಾಗದದ ಬದಲು ಟ್ಯಾಬ್‌ನಲ್ಲಿ ಆ್ಯಪ್ ಹಾಕಿಕೊಡಬಹುದೇ?

ಉತ್ತರ: ಕೊಡಬಹುದು, ಆ ಟ್ಯಾಬ್‌ನಲ್ಲಿ ಕಾರ್ಟೂನ್ ಇಲ್ಲದಿದ್ದರೆ. ಮಾತಾಡುವ ಸಾಧನವೂ ಆಟದ ಸಾಮಾನೂ ಒಂದೇ ಆದರೆ ಗೆಲ್ಲುವುದು ಕಾರ್ಟೂನ್. ಚಾರ್ಜ್ ಮುಗಿದ ದಿನಕ್ಕೆ ಕಾಗದವೂ ಇರಲಿ. ತಪ್ಪು ಮಾಡಿದನೆಂದು ಟ್ಯಾಬ್ ಕಿತ್ತಿಡಬೇಡಿ. ಸಿಟ್ಟು ಬಂತೆಂದು ಯಾರ ನಾಲಿಗೆಯನ್ನೂ ಕಿತ್ತಿಡುವುದಿಲ್ಲವಲ್ಲ.

ಪ್ರಶ್ನೆ: ಸಹಾಯಕರು ಮಗುವಿನ ಕೈ ಹಿಡಿದುಕೊಂಡು ಟೈಪ್ ಮಾಡಿಸುತ್ತಾರೆ, ಉದ್ದುದ್ದ ವಾಕ್ಯ ಬರುತ್ತಿದೆ. ಮುಂದುವರಿಸಲೇ?

ಉತ್ತರ: ಬರೆಯುತ್ತಿರುವವರು ಸಹಾಯಕರು. ಮಗುವಿಗೆ ಮಾತ್ರ ತೋರಿಸಿದ ಚಿತ್ರದ ಹೆಸರನ್ನು, ಸಹಾಯಕರು ಅದನ್ನು ನೋಡದಿದ್ದಾಗ ಟೈಪ್ ಮಾಡಿಸಿ. ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಪಟ್ಟಿಗೆ ಚೆನ್ನಾಗಿ ಒಗ್ಗಿದ್ದಾಳೆ, ಈಗ ಎಲ್ಲ ತಾನೇ ಮಾಡಿಕೊಳ್ಳುತ್ತಾಳೆ. ಇನ್ನು ಚಿತ್ರಗಳನ್ನು ತೆಗೆದುಬಿಡಬಹುದೇ?

ಉತ್ತರ: ಚೆನ್ನಾಗಿ ನಡೆಯುತ್ತಿದೆ, ಹಾಗಾಗಿ ತೆಗೆಯೋಣ! ಕನ್ನಡಕ ಹಾಕಿಕೊಂಡು ಚೆನ್ನಾಗಿ ಓದುತ್ತಾಳೆ ಎಂದು ಕನ್ನಡಕ ಕಸಿಯುತ್ತೀರಾ? ಪಟ್ಟಿಯ ರೂಪ ಬದಲಿಸಿ. ಗೋಡೆಯಿಂದ ಜೇಬಿನ ಪುಟ್ಟ ಪುಸ್ತಕಕ್ಕೆ, ಚಿತ್ರದ ಪಕ್ಕ ಅಕ್ಷರ, ಮುಂದೆ ಬರೀ ಅಕ್ಷರ, ಅದನ್ನು ಅವಳೇ ಬರೆದುಕೊಳ್ಳುವಂತೆ. ರಜೆ, ಹೊಸ ತರಗತಿ, ಮನೆ ಬದಲಾಯಿಸುವುದು, ಇಂಥ ಹೊತ್ತಿನಲ್ಲಿ ಒಂದು ಮೆಟ್ಟಿಲು ಹಿಂದೆ ಹೋಗಿ ಮತ್ತೆ ಚಿತ್ರ ಕೇಳಿದರೆ ಗಾಬರಿಯಾಗಬೇಡಿ. ಹಳೆಯ ಕಾರ್ಡುಗಳನ್ನು ಒಂದು ಡಬ್ಬಿಯಲ್ಲಿ ಹಾಗೇ ಇಟ್ಟಿರಿ, ಮತ್ತೆ ಲ್ಯಾಮಿನೇಷನ್ ಮಾಡಿಸುವಾಗ ಹೊಳಪಿಲ್ಲದ ಹಾಳೆ ಕೇಳಿ.