ಗ್ರಾಮಸಭೆಗೆ ಹೋಗಿ ಪ್ರಯೋಜನ ಇದೆಯಾ, ಇಲ್ಲ ನೇರವಾಗಿ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿಬಿಡಲಾ?

ನಿಮ್ಮ ಪ್ರಶ್ನೆ ಓದಿ ಐದು ವರ್ಷದ ಹಿಂದಿನ ದಿನಗಳು ನೆನಪಾದವು. ನಮ್ಮ ಕೇರಿಗೂ ಚರಂಡಿ ಇರಲಿಲ್ಲ. ಮಳೆ ಬಂದರೆ ಮೇಲಿನ ಬೀದಿಯ ಕೊಳೆನೀರೆಲ್ಲ ನಮ್ಮ ಅಂಗಳಕ್ಕೇ.

ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಅಂತ ಟಾಂಟಾಂ ಹೊಡೆಸಿದ್ದರು. ನಾನು ಹತ್ತೂವರೆಗೇ ಹೋದೆ. ಬಾಗಿಲಲ್ಲಿ ಮೇಜು, ಅದರ ಮೇಲೊಂದು ದಪ್ಪ ಪುಸ್ತಕ. "ಅಣ್ಣಾ, ಒಂದು ಸಹಿ ಹಾಕಿ ಒಳಗೆ ಹೋಗಿ" ಅಂದರು ಬಿಲ್ ಕಲೆಕ್ಟರ್. ಹಾಕಿದೆ. ನಾನು ತಪ್ಪಿದ್ದು ಅಲ್ಲೇ.

ಇದನ್ನು ಬಿಡಿಸಿ ಹೇಳಲೇಬೇಕು. ಅದು ಹಾಜರಿ ಪುಸ್ತಕ ಆಗಿರಲಿಲ್ಲ, ಸಭೆಯ ನಿರ್ಣಯಗಳನ್ನು ಬರೆಯುವ ನಡಾವಳಿ ಪುಸ್ತಕ. ಪುಟದ ಮೇಲೆಲ್ಲ ಖಾಲಿ ಬಿಟ್ಟು ಕೆಳಗೆ ಸಹಿ ತಗೊಳ್ಳುತ್ತಿದ್ದರು. ನಮ್ಮ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆಗೆ ಕೋರಂ ಬೇಕು, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಅಷ್ಟು ಸಹಿ ಬಿದ್ದರೆ ಅವರಿಗೆ ಸಭೆ ಆದಂತೆಯೇ. ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ನಾನು ಎದ್ದು ನಿಂತು ಚರಂಡಿ ವಿಷಯ ಹೇಳಿದೆ. ಪಂಚಾಯಿತಿ ಅಧಿಕಾರಿ ಪಿಡಿಒ ತಲೆಯಾಡಿಸಿದರು. ಖುಷಿಯಿಂದ ಮನೆಗೆ ಬಂದೆ.

ಆಮೇಲೆ ನೋಡಿದರೆ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲಿ, ಚರಂಡಿ ಹೆಸರೇ ಇರಲಿಲ್ಲ. ತಾಲ್ಲೂಕು ಪಂಚಾಯಿತಿಗೆ ದೂರು ಕೊಟ್ಟೆ. ಅಲ್ಲಿ ಅದೇ ಪುಸ್ತಕ ತೆರೆದರು. "ಸಭೆಯು ಸರ್ವಾನುಮತದಿಂದ ಒಪ್ಪಿದೆ" ಅಂತ ಬರೆದಿತ್ತು, ಕೆಳಗೆ ನನ್ನ ಸಹಿ. "ಇದು ನಿಮ್ಮದೇ ಅಲ್ವೇನ್ರೀ?" ಅಂದರು. ಏನು ಹೇಳಲಿ? ಇನ್ನೂ ಎರಡು ಮಳೆಗಾಲ ಅಮ್ಮ ಅಂಗಳದ ಕೆಸರು ಬಳಿದರು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹಾಜರಿಗೆ ಬೇರೆ ಪುಸ್ತಕ ಕೇಳಿ. ಕೊಡದಿದ್ದರೆ ಸಹಿಯ ಪಕ್ಕದಲ್ಲಿ "ಹಾಜರಿಗೆ ಮಾತ್ರ" ಅಂತ ಬರೆದು ಸಮಯ ಹಾಕಿ. ನಿರ್ಣಯ ಬರೆದು, ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಅದರ ಕೆಳಗೆ ಸಹಿ. ಬೇಡಿಕೆಯನ್ನು ಬರೀ ಬಾಯಲ್ಲಿ ಹೇಳಬೇಡಿ. ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ.

ಆರ್‌ಟಿಐ ನಾನೂ ಹಾಕಿದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಕೊನೆಗೆ ಕೈಗೆ ಬಂದಿದ್ದು ಆ ಪುಟದ್ದೇ ನಕಲು! ಅದರಿಂದ ಚರಂಡಿ ಬರುತ್ತದಾ? ಸಭೆಯನ್ನು ಬಿಟ್ಟು ಆರ್‌ಟಿಐ ಹಿಡಿಯೋದನ್ನು ನಾನಂತೂ ಒಪ್ಪಲ್ಲ.

"ಜನ ಬರೋದೇ ಇಲ್ಲ" ಅಂತ ಬೇರೆ ಬರೆದಿದ್ದೀರಿ. ಹನ್ನೊಂದು ಗಂಟೆಗೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದು ಹೇಳಿದ್ದೂ ಪುಸ್ತಕಕ್ಕೆ ಏರಲ್ಲ ಅಂದರೆ ಮತ್ತೆ ಯಾಕೆ ಬರಬೇಕು? ನಿಮ್ಮ ವಾರ್ಡಿನ ಮತದಾರರಷ್ಟೇ ಸೇರುವ ವಾರ್ಡ್ ಸಭೆಯಿಂದ ಶುರು ಮಾಡಿ. ಅದಕ್ಕೆ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ನಾವು ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯರನ್ನು ಒಪ್ಪಿಸಿ ಸಂಜೆ ಮಾರಮ್ಮನ ಗುಡಿ ಜಗಲಿಯಲ್ಲಿ ಮಾಡಿಸಿದೆವು. ಹೆಂಗಸರೇ ಜಾಸ್ತಿ ಬಂದಿದ್ದರು. "ಮೊದ್ಲು ಓದಿ ಹೇಳಪ್ಪ, ಆಮೇಲೆ ಹೆಬ್ಬೆಟ್ಟು" ಅಂದರು ಒಬ್ಬ ಅಜ್ಜಿ. ಸದಸ್ಯರು ಓದಿದರು. ಬೇಡಿಕೆಗಳಲ್ಲಿ ಚರಂಡಿ ಮೂರನೆಯದಾಗಿತ್ತು. ಮೊದಲನೆಯದಾಗಿ ಬರೆಸಿದ ಮೇಲೇ ಅಜ್ಜಿ ಹೆಬ್ಬೆಟ್ಟು ಒತ್ತಿದ್ದು.

ಆ ನಿರ್ಣಯ ಗ್ರಾಮಸಭೆಗೂ ಹೋಯಿತು, ಮುಂದಿನ ವರ್ಷ ಚರಂಡಿ ಆಯಿತು. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಎದುರು ನೋಡುವ ಜಮಾಬಂದಿಯ ದಿನ ನಾವೇ ಟೇಪ್ ಹಿಡಿದು ಅಳೆದೆವು. ಅಳತೆ ಪುಸ್ತಕದಲ್ಲಿ ಇದ್ದಿದ್ದಕ್ಕಿಂತ ಹನ್ನೆರಡು ಅಡಿ ಕಡಿಮೆ ಬಂತು. ಅದನ್ನೂ ಪುಸ್ತಕದಲ್ಲಿ ಬರೆಸಿದೆವು. ಬರೆದದ್ದನ್ನು ಓದಿಸಿಕೊಂಡು, ಆಮೇಲೆ ಸಹಿ ಹಾಕಿದೆ.